ತಮ್ಮನಿಗೆ ಬೈಪೋಲಾರ್ ಅಂದಿದ್ದಾರೆ. ಮಾತ್ರೆ ಎಷ್ಟು ದಿನ ಬೇಕು, ಮನೆಯವರು ಏನು ಮಾಡಬೇಕು?

ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಅಕ್ಕನಿಗೂ ಇದೇ ಕಾಯಿಲೆ. ಒಮ್ಮೆ ಅತಿಯಾದ ಹುರುಪು, ಅಂದರೆ ಉನ್ಮಾದ, ಇನ್ನೊಮ್ಮೆ ಖಿನ್ನತೆ. ಮೊದಲ ಸುಳಿವು ನಿದ್ದೆಯದ್ದು. ಕಾಫಿ ಕೊಯ್ಲಿನ ಸಮಯ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಕಣ ಗುಡಿಸುತ್ತಿದ್ದಳು, ಸುಸ್ತೇ ಇಲ್ಲ. ಎಷ್ಟು ಚುರುಕು ಅಂದುಕೊಂಡೆವು ನಾವು! ತಮ್ಮ ಎರಡು ರಾತ್ರಿ ಸರಿಯಾಗಿ ಮಲಗದಿದ್ದರೆ ಕಾಯಬೇಡಿ, ಡಾಕ್ಟರಿಗೆ ಹೇಳಿ.

ಮಾತ್ರೆ ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಹುಷಾರಾದೆ ಅಂತ ತಾನಾಗಿಯೇ ಬಿಟ್ಟರೆ ಕಾಯಿಲೆ ಮರಳುವುದೇ ಜಾಸ್ತಿ. ಲಿಥಿಯಂ, ವಾಲ್‌ಪ್ರೊಯೇಟ್, ಕ್ವೆಟಿಯಾಪಿನ್, ಇವುಗಳಲ್ಲಿ ಯಾವುದು ಅಂತ ಮನೋವೈದ್ಯರೇ ಹೇಳಬೇಕು. ಲಿಥಿಯಂ ಆದರೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಅದರ ಮಟ್ಟ, ಕಿಡ್ನಿ, ಥೈರಾಯ್ಡ್ ಎಲ್ಲಾ ನೋಡಬೇಕು. ತೋಟದಲ್ಲಿ ಬೆವರಿದರೆ ನೀರು ಚೆನ್ನಾಗಿ ಕುಡಿಯಲಿ. ಮೈಕೈ ನೋವಿಗೆ ಸುಮ್ನೆ ಐಬುಪ್ರೊಫೆನ್ ನುಂಗುವುದು ಬೇಡ, ಲಿಥಿಯಂ ಮಟ್ಟ ಏರುತ್ತದೆ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರಿಗೆ ಉನ್ಮಾದ ಕೆರಳಬಹುದು. ಹಾಗಾಗಿ ನಿದ್ದೆ ಬಿಟ್ಟು ಓಡಾಡಿದ ದಿನಗಳ ಬಗ್ಗೆಯೂ ಡಾಕ್ಟರಿಗೆ ಬಿಚ್ಚಿ ಹೇಳಿ.

ಅವನು ಏರಿದ ದನಿಯಲ್ಲಿದ್ದಾಗ ವಾದಕ್ಕೆ ಇಳಿಯಬೇಡಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.