ಡಿಪಿಡಿಕೆ: ಕಾರ್ಡ್ ವಿಎಫ್‌ಐಒಗೆ ಬೈಂಡ್ ಆಗಿದೆ, ಎಲ್‌ಡಿಡಿ ಸರಿಯಿದೆ, ಆದರೂ ಪೋರ್ಟ್ ಎಣಿಕೆ 0. ಕರ್ನಲ್ ಬದಲಿಸಬೇಕಾ?

ಕರ್ನಲ್ ಮುಟ್ಟಬೇಡಿ. ಕಾರ್ಡನ್ನೂ ಬದಲಿಸಬೇಡಿ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಳೇ ಲಾಗ್ ಫೈಲನ್ನೇ ಓದಿದ ಹಾಗಾಯಿತು. ಅದೇ ಇಂಟೆಲ್ 82599 ನೆಟ್‌ವರ್ಕ್ ಕಾರ್ಡ್, ಅದೇ ಡಿಪಿಡಿಕೆ 20.11 (ಕರ್ನಲ್ ಬದಿಗಿಟ್ಟು ಪ್ರೋಗ್ರಾಂನಿಂದಲೇ ಪ್ಯಾಕೆಟ್ ನಿಭಾಯಿಸುವ ಲೈಬ್ರರಿಗಳ ಗುಂಪು). ಡೆವ್‌ಬೈಂಡ್ ಸ್ಟೇಟಸ್‌ನಲ್ಲಿ ವಿಎಫ್‌ಐಒ-ಪಿಸಿಐ (ಕಾರ್ಡನ್ನು ನೇರ ಪ್ರೋಗ್ರಾಂ ಕೈಗೆ ಕೊಡುವ ಕರ್ನಲ್ ಡ್ರೈವರ್) ಅಂತ ಚೆನ್ನಾಗಿ ಕಾಣುತ್ತದೆ, ಡಿಪಿಡಿಕೆಗೆ ಬೇಕಾದ ದೊಡ್ಡ ಮೆಮೊರಿ ಪುಟಗಳು, ಅಂದರೆ ಹ್ಯೂಜ್‌ಪೇಜ್, ಇದೆ, ಆದರೆ ಪ್ರೋಗ್ರಾಂ ಪೋರ್ಟ್ ಎಣಿಸಿದರೆ 0.

ನಮ್ಮ ಪ್ರೋಗ್ರಾಂ ಮೊದಲು ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಗಳೆಲ್ಲ ಬೈನರಿಯೊಳಗೇ ಸೇರುವ ಹಾಗೆ, ಲಿಂಕ್ ಆಗುತ್ತಿತ್ತು. ಒಂದೇ ಮೆಷಿನ್‌ನಲ್ಲಿ ಹಲವು ಪ್ರೋಗ್ರಾಂಗಳು ಓಡಬೇಕು ಅಂತಾದಾಗ ಶೇರ್ಡ್ ಲೈಬ್ರರಿಗೆ ಬದಲಾಯಿಸಿದೆವು. ಮೇಕ್‌ಫೈಲ್ ಕೈಯಲ್ಲೇ ಬರೆದದ್ದು, ಬೇಕಾದ ಲೈಬ್ರರಿಗಳ ಹೆಸರೆಲ್ಲ ಅದರಲ್ಲಿತ್ತು, ಈ ಕಾರ್ಡಿನ ಐಎಕ್ಸ್‌ಜಿಬಿಇ ಡ್ರೈವರ್ ಕೂಡ. ಬಿಲ್ಡ್ ಮೆಷಿನ್‌ನಿಂದ ಲೈಬ್ರರಿಗಳನ್ನು ಕಾಪಿ ಮಾಡಿ, ಓಡಿಸುವ ಮೆಷಿನ್‌ನಲ್ಲಿ ಆಪ್ಟ್ ಕೆಳಗೆ ಒಂದು ಡೈರೆಕ್ಟರಿಯಲ್ಲಿ ಇಟ್ಟೆವು. ಪ್ರೋಗ್ರಾಂ ಶುರುವಾಯಿತು, ಒಂದು ಎರರ್ ಇಲ್ಲ, ಪೋರ್ಟೂ ಇಲ್ಲ.

ನಾನು ನೇರ ಬಯಾಸ್‌ಗೆ ಹೋದೆ. ವಿಟಿ-ಡಿ (ಇಂಟೆಲ್‌ನ ಐಒಎಂಎಂಯು) ನೋಡಿದೆ, ಬೂಟ್ ಲೈನ್‌ನಲ್ಲಿ ಐಒಎಂಎಂಯು, ಅಂದರೆ ಸಾಧನಗಳು ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ಭಾಗ, ಆನ್ ಮಾಡಿದೆ, ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿದೆ. ಇಷ್ಟರ ನಡುವೆ ಡಿಪಿಡಿಕೆ ಜೊತೆಗೇ ಬರುವ ಪರೀಕ್ಷಾ ಪ್ರೋಗ್ರಾಂ ಟೆಸ್ಟ್‌ಪಿಎಂಡಿ ಅದೇ ಮೆಷಿನ್‌ನಲ್ಲಿ ಎರಡೂ ಪೋರ್ಟ್ ತೋರಿಸುತ್ತಿತ್ತು, ಪ್ಯಾಕೆಟ್ ಕೂಡ ಓಡಿಸುತ್ತಿತ್ತು. ಅದೇ ಕಾರ್ಡ್, ಅದೇ ಕರ್ನಲ್, ಅದೇ ವಿಎಫ್‌ಐಒ. ಅಂದಮೇಲೆ ವ್ಯತ್ಯಾಸ ಇರುವುದು ಬೈನರಿಯಲ್ಲಿ ಮಾತ್ರ, ಅಲ್ವಾ? ಆದರೂ ನಾನು ಆ ಕಡೆ ನೋಡಲಿಲ್ಲ. ಯಾಕೆಂದರೆ ಬೈನರಿಗೆ ಬೇಕಾದ ಲೈಬ್ರರಿಗಳು ಸಿಗುತ್ತವೆಯೇ ಅಂತ ತೋರಿಸುವ ಎಲ್‌ಡಿಡಿ ಓಡಿಸಿ, 'ನಾಟ್ ಫೌಂಡ್' ಅಂತ ಒಂದು ಸಾಲೂ ಇಲ್ಲದ್ದು ನೋಡಿ, ಲಿಂಕಿಂಗ್ ಸರಿಯಿದೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಈ ಒಂದು ತಪ್ಪನ್ನು ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ನಂಬಿದ್ದೀರಿ. ಎಲ್‌ಡಿಡಿ ತೋರಿಸುವುದು ಬೈನರಿ ತಾನು ಕೇಳಿದ ಲೈಬ್ರರಿಗಳನ್ನು, ಆಮೇಲೆ ಅವು ಕೇಳಿದವನ್ನು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗನಿಗೆ ಗೈರುಹಾಜರಿ ಬೀಳುವುದಿಲ್ಲ. ನಮ್ಮ ಡ್ರೈವರ್‌ಗೆ ಆದದ್ದೂ ಇದೇ. ರೀಡ್‌ಎಲ್ಫ್ ಮೈನಸ್ ಡಿ ಕೊಟ್ಟು 'ನೀಡೆಡ್' ಸಾಲುಗಳನ್ನು ಒಂದೊಂದಾಗಿ ಓದಿದಾಗ ಗೊತ್ತಾಯಿತು: ಇಎಎಲ್ (ಡಿಪಿಡಿಕೆಯನ್ನು ಶುರುಮಾಡುವ ಮೂಲ ಲೈಬ್ರರಿ) ಇತ್ತು, ಈಥ್‌ಡೆವ್ ಇತ್ತು, ಎಂಬಫ್, ಮೆಂಪೂಲ್ ಇದ್ದವು. ಐಎಕ್ಸ್‌ಜಿಬಿಇ ಇರಲೇ ಇಲ್ಲ. ಮೇಕ್‌ಫೈಲ್‌ನಲ್ಲಿದ್ದ ಹೆಸರು ಬೈನರಿಯಲ್ಲಿ ಇಲ್ಲ!

ಅದನ್ನು ತೆಗೆದುಹಾಕಿದ್ದು ಲಿಂಕರ್, ಆ್ಯಸ್-ನೀಡೆಡ್ ಅನ್ನುವ ಆಯ್ಕೆಯಿಂದ. ಉಬುಂಟುವಿನ ಜಿಸಿಸಿ ಈ ಆಯ್ಕೆಯನ್ನು ನೀವು ಹೇಳದಿದ್ದರೂ ಹಾಕುತ್ತದೆ. ಒಂದು ಲೈಬ್ರರಿಯ ಯಾವ ಸಿಂಬಲನ್ನೂ ನೀವು ಬಳಸದಿದ್ದರೆ ಅದನ್ನು ಪಟ್ಟಿಯಿಂದ ಬಿಡುತ್ತದೆ. ನಿಮ್ಮ ಕೋಡ್ ಐಎಕ್ಸ್‌ಜಿಬಿಇಯ ಒಂದು ಫಂಕ್ಷನನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಡ್ರೈವರ್ ತನ್ನನ್ನು ತಾನೇ ನೋಂದಾಯಿಸಿಕೊಳ್ಳುತ್ತದೆ: ಲೈಬ್ರರಿ ಲೋಡ್ ಆದ ತಕ್ಷಣ ಒಂದು ಕನ್‌ಸ್ಟ್ರಕ್ಟರ್ ಓಡಿ, ಡ್ರೈವರ್‌ಗಳ ಪಟ್ಟಿಗೆ ತನ್ನ ಹೆಸರು ಸೇರಿಸುತ್ತದೆ. ಲೋಡೇ ಆಗದಿದ್ದರೆ ಕನ್‌ಸ್ಟ್ರಕ್ಟರ್ ಓಡುವುದಿಲ್ಲ. ಆಗ 8086:10ಎಫ್‌ಬಿ ಅನ್ನುವ ಪಿಸಿಐ ಗುರುತಿನ ಈ ಕಾರ್ಡನ್ನು 'ಇದು ನನ್ನದು' ಅನ್ನುವವರೇ ಇರುವುದಿಲ್ಲ. ಇಎಎಲ್‌ಗೆ ಇದು ಎರರ್ ಕೂಡ ಅಲ್ಲ. ಮೆಷಿನ್‌ನಲ್ಲಿ ಡಿಪಿಡಿಕೆಗೆ ಸಂಬಂಧವಿಲ್ಲದ ಪಿಸಿಐ ಸಾಧನಗಳು ಎಷ್ಟೋ ಇರುತ್ತವೆ, ಅದಕ್ಕೇ ಸುಮ್ಮನಿರುತ್ತದೆ.

ಹಾಗಾದರೆ ಶೇರ್ಡ್ ಬಿಲ್ಡ್ ಬೇರೆಯವರ ಹತ್ತಿರ ಹೇಗೆ ಓಡುತ್ತದೆ? ಇಎಎಲ್ ಶುರುವಾಗುವಾಗ ಒಂದು ಡೈರೆಕ್ಟರಿಯಲ್ಲಿರುವ ಡ್ರೈವರ್‌ಗಳನ್ನೆಲ್ಲ ತಾನೇ ಲೋಡ್ ಮಾಡುತ್ತದೆ. 20.11ರಲ್ಲಿ ಅದರ ಹೆಸರು ಪಿಎಂಡಿಎಸ್-21.0. ಆದರೆ ಆ ದಾರಿ ಬಿಲ್ಡ್ ಮಾಡುವಾಗಲೇ ಲೈಬ್ರರಿಯೊಳಗೆ ಕೂತಿರುತ್ತದೆ. ನಾವು ಎಲ್ಲವನ್ನೂ ಆಪ್ಟ್‌ಗೆ ಕಾಪಿ ಮಾಡಿದ್ದರಿಂದ ಓಡಿಸುವ ಮೆಷಿನ್‌ನಲ್ಲಿ ಆ ದಾರಿಯಲ್ಲಿ ಆ ಡೈರೆಕ್ಟರಿಯೇ ಇರಲಿಲ್ಲ, ಇಎಎಲ್ ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು. ಟೆಸ್ಟ್‌ಪಿಎಂಡಿ ಓಡಿದ್ದು ಯಾಕೆ ಅಂದರೆ, ಡಿಪಿಡಿಕೆಯನ್ನು ಮೀಸಾನ್ ಅನ್ನುವ ಬಿಲ್ಡ್ ಸಾಧನದಲ್ಲಿ ಹಾಗೇ ಬಿಲ್ಡ್ ಮಾಡಿದರೆ ಅದು ಸ್ಟ್ಯಾಟಿಕ್ ಆಗಿ ಲಿಂಕ್ ಆಗುತ್ತದೆ, ಡ್ರೈವರ್‌ಗಳು ಅದರ ಹೊಟ್ಟೆಯೊಳಗೇ ಇರುತ್ತವೆ.

ನೀವೂ ಲೈಬ್ರರಿಗಳನ್ನು ಬೇರೆ ಕಡೆಗೆ ಕಾಪಿ ಮಾಡಿದ್ದೀರಿ ಅಂತ ಬರೆದಿದ್ದೀರಿ. ಅದಕ್ಕೆ ಈಗಲೇ ಹೀಗೆ ಮಾಡಿ: ಪ್ರೋಗ್ರಾಂಗೆ ಮೈನಸ್ ಡಿ ಕೊಟ್ಟು ಡ್ರೈವರ್ ಡೈರೆಕ್ಟರಿಯ ಪೂರ್ತಿ ದಾರಿ ಹೇಳಿ. ಲಾಗ್‌ನಲ್ಲಿ ನೆಟ್_ಐಎಕ್ಸ್‌ಜಿಬಿಇ ಪ್ರೋಬ್ ಆಯಿತು ಅನ್ನುವ ಸಾಲು ಬಂದರೆ ರೋಗ ಇದೇ. ಇನ್ನೊಂದು ಗುರುತೂ ಇದೆ. ಎಂಬಫ್ ಪೂಲ್ (ಪ್ಯಾಕೆಟ್ ಬಫರ್‌ಗಳ ಸಂಗ್ರಹ) ಮಾಡುವಾಗಲೂ ಮೆಂಪೂಲ್ ಹ್ಯಾಂಡ್ಲರ್ ಸಿಗಲಿಲ್ಲ ಅಂತ ಎರರ್ ಬರುತ್ತಿದ್ದರೆ ಅನುಮಾನವೇ ಬೇಡ. ಮೆಂಪೂಲ್ ರಿಂಗ್ ಕೂಡ ಹೀಗೇ ಲೋಡ್ ಆಗುವ ಡ್ರೈವರ್. ಪಿಸಿಐ ಬಸ್ ಕೂಡ ಅಷ್ಟೇ.

ಮೈನಸ್ ಡಿ ಕೆಲಸ ಮಾಡಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಕೈಯಲ್ಲಿ ಬರೆದ ಲೈಬ್ರರಿ ಪಟ್ಟಿಯನ್ನು ಅಳಿಸಿ, ಆ ಪಟ್ಟಿಯನ್ನು ತಾನೇ ಕೊಡುವ ಪಿಕೆಜಿ-ಕಾನ್ಫಿಗ್ ಬಳಸಿ, ಲೈಬ್ರರಿಗಳನ್ನು ಬಿಲ್ಡ್ ಮಾಡುವಾಗ ಕೊಟ್ಟ ಪ್ರಿಫಿಕ್ಸ್‌ನಲ್ಲೇ ಇಡಿ. ಸ್ಟ್ಯಾಟಿಕ್ ಬೇಕೆಂದರೆ ಅದಕ್ಕೇ ಸ್ಟ್ಯಾಟಿಕ್ ಅಂತ ಹೇಳಿ, ಲೈಬ್ರರಿಯನ್ನು ಪೂರ್ತಿ ಸೇರಿಸುವ ಹೋಲ್-ಆರ್ಕೈವ್ ಆಯ್ಕೆಯನ್ನು ಅದೇ ಹಾಕಿಕೊಳ್ಳುತ್ತದೆ. ಎರಡನ್ನೂ ಬೆರೆಸುವುದು ಮಾತ್ರ ಬೇಡವೇ ಬೇಡ. ಸ್ಟ್ಯಾಟಿಕ್ ಬೈನರಿಗೆ ಮೈನಸ್ ಡಿಯಿಂದ ಶೇರ್ಡ್ ಡ್ರೈವರ್ ಕೊಟ್ಟರೆ ಅದು ಇಎಎಲ್‌ನ ಇನ್ನೊಂದು ಪ್ರತಿಯನ್ನು ಎಳೆದು ತರುತ್ತದೆ. ಆಗ ಸಾಮಾನ್ಯವಾಗಿ ಡ್ರೈವರ್ ಹೆಸರು ಆ ಪ್ರತಿಯ ಪಟ್ಟಿಗೆ ಸೇರುತ್ತದೆ, ನಿಮ್ಮ ಪ್ರೋಗ್ರಾಂ ನೋಡುವುದು ಇನ್ನೊಂದರ ಪಟ್ಟಿ. ಮತ್ತೆ ಪೋರ್ಟ್ ಎಣಿಕೆ 0.

ಸುಡೊ ಕೊಟ್ಟು ಓಡಿಸುತ್ತಿದ್ದರೆ ಲೈಬ್ರರಿ ಹುಡುಕುವ ದಾರಿ ಹೇಳುವ ಎಲ್‌ಡಿ_ಲೈಬ್ರರಿ_ಪಾತ್ ಒಳಗೆ ಹೋಗುವುದಿಲ್ಲ ಅನ್ನುವುದೂ ನೆನಪಿರಲಿ. ದಾರಿಯನ್ನು ಎಲ್‌ಡಿಕಾನ್ಫಿಗ್‌ಗೇ ಹೇಳಿಬಿಡಿ.

ಕೊನೆಗೆ, ನೋ-ಐಒಎಂಎಂಯು ಮೋಡ್ ಆನ್ ಮಾಡಿ ನೋಡಿದೆ ಅಂದಿದ್ದೀರಿ. ಅದನ್ನು ಇವತ್ತೇ ಆಫ್ ಮಾಡಿ. ಅದು ಆನ್ ಇದ್ದರೆ ಕಾರ್ಡ್ ಯಾವ ತಡೆಯೂ ಇಲ್ಲದೆ ಮೆಷಿನ್‌ನ ಯಾವ ಮೆಮೊರಿಗೆ ಬೇಕಾದರೂ ಬರೆಯಬಹುದು, ನಿಮ್ಮ ಸಮಸ್ಯೆಗೂ ಅದಕ್ಕೂ ಸಂಬಂಧವಿಲ್ಲ.