ಕ್ರಿ.ಪೂ. 1200ರ ನಂತರ ಗ್ರೀಸಿನ ಇತಿಹಾಸದಲ್ಲಿ ಸುಮಾರು 400 ವರ್ಷ ಖಾಲಿ ಯಾಕೆ?

ಖಾಲಿ ಇರುವುದು ಬರಹ, ಬದುಕಲ್ಲ. ಜನ ಅಲ್ಲೇ ಇದ್ದರು, ಮಡಕೆ ಮಾಡುತ್ತಿದ್ದರು. ಬರೆಯುವವರು ಇರಲಿಲ್ಲ, ಅಷ್ಟೇ.

ಅದಕ್ಕೂ ಮೊದಲು ಗ್ರೀಸಿನಲ್ಲಿದ್ದ ಮೈಸೀನಿಯನ್ ಎಂಬ ನಾಗರಿಕತೆಯ ಅರಮನೆಗಳಲ್ಲಿ ಲೀನಿಯರ್ ಬಿ ಎಂಬ ಲಿಪಿ ಇತ್ತು. ಅದು ಕಥೆ ಕಾವ್ಯಕ್ಕಲ್ಲ, ಸುಮ್ನೆ ಲೆಕ್ಕಕ್ಕೆ: ಎಷ್ಟು ಕುರಿ, ಎಷ್ಟು ಉಣ್ಣೆ, ಯಾವ ಕಂಚುಗಾರನಿಗೆ ಎಷ್ಟು ಕಂಚು. ಒಂಥರಾ ಶಾನುಭೋಗರ ಕಡತ ಅನ್ನಿ. ಬರೆಯುತ್ತಿದ್ದದ್ದು ಹಸಿ ಮಣ್ಣಿನ ಹಲಗೆ ಮೇಲೆ, ಅದನ್ನು ಸುಡುತ್ತಲೂ ಇರಲಿಲ್ಲ. ಅವುಗಳಲ್ಲೊಂದಾದ ಪೈಲೋಸ್ ಅರಮನೆಗೆ ಬೆಂಕಿ ಬಿದ್ದಾಗ ಆ ಹಲಗೆಗಳು ಇಟ್ಟಿಗೆಯಂತೆ ಬೆಂದು ಉಳಿದವು. ವಿಚಿತ್ರ ಅಲ್ವಾ? ಅರಮನೆಯನ್ನು ನುಂಗಿದ ಬೆಂಕಿಯೇ ಅದರ ಕೊನೇ ದಿನಗಳ ಲೆಕ್ಕ ಉಳಿಸಿಕೊಟ್ಟಿತು. ಅರಮನೆ ಹೋದ ಮೇಲೆ ಲೆಕ್ಕ ಕೇಳುವವರಿಲ್ಲ, ಲಿಪಿಯೂ ಮರೆತುಹೋಯಿತು. ಗ್ರೀಕರು ಮತ್ತೆ ಬರೆದದ್ದು ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ, ಈಗಿನ ಲೆಬನಾನ್ ಕರಾವಳಿಯ ಫಿನೀಷಿಯನ್ನರಿಂದ ಅಕ್ಷರ ಕಲಿತು.

ಈ ಅರಮನೆಗಳು, ಸುತ್ತಲಿನ ರಾಜ್ಯಗಳು ಕುಸಿದದ್ದು ಯಾಕೆ? ಹಡಗಿನಲ್ಲಿ ಬಂದ 'ಸಮುದ್ರದ ಜನ' ಎಂಬ ಗುಂಪುಗಳು ದಾಳಿ ಮಾಡಿದವು ಅನ್ನುವ ಮಾತು ಜಾಸ್ತಿ ಕೇಳಿಬರುತ್ತದೆ. ದಾಳಿಗಳು ನಡೆದದ್ದು ನಿಜ. ಸಿರಿಯಾ ಕರಾವಳಿಯ ಉಗಾರಿಟ್‌ನ ರಾಜ, ಶತ್ರುಗಳ ಏಳು ಹಡಗು ಬಂದು ಹಾಳು ಮಾಡಿದವು, ನನ್ನ ಸೈನ್ಯ ಹಿಟ್ಟೈಟರ ನಾಡಿನಲ್ಲಿ (ಈಗಿನ ಟರ್ಕಿ) ಇದೆ ಎಂದು ಪತ್ರ ಬರೆಸಿದ್ದ. ಈಜಿಪ್ಟಿನ 3ನೇ ರಾಮ್ಸೆಸ್ ತಾನು ಸಮುದ್ರದ ಜನರನ್ನು ಸೋಲಿಸಿದ್ದನ್ನು ಗುಡಿಯ ಗೋಡೆ ಮೇಲೆ ಕೆತ್ತಿಸಿದ. ಆದರೆ ಬರೀ ಏಳು ಹಡಗಿಗೆ ಬೆದರುವ ರಾಜ್ಯ ಮೊದಲೇ ಸೊರಗಿರಬೇಕು. ಟರ್ಕಿಯ ಗೋರ್ಡಿಯನ್‌ನಲ್ಲಿ ಸಿಕ್ಕ ಮರಗಳ ಉಂಗುರಗಳು ಕ್ರಿ.ಪೂ. 1198ರಿಂದ 1196ರ ಸುಮಾರಿಗೆ ಸತತ ಬರ ಬಿದ್ದದ್ದನ್ನು ತೋರಿಸುತ್ತವೆ. ಮಳೆ ಇಲ್ಲದೆ ಕಾಳಿಲ್ಲ. ದೂರದಿಂದ ತವರ ಬರುವ ದಾರಿ ಕಡಿದರೆ ಕಂಚೂ ಇಲ್ಲ. ನನಗಂತೂ ಬರವೇ ದೊಡ್ಡ ಪೆಟ್ಟು, ಹಡಗುಗಳು ಆಮೇಲೆ ಅನ್ನಿಸುತ್ತದೆ.