ಪೊರಕೆ ಕೋಲು, ಕಾಲು ಡಿಗ್ರಿ

ದಾವಣಗೆರೆಯ ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಟೆಸ್ಟ್ ಪೈಲಟ್‌ಗಳ ಪುಸ್ತಕಗಳ ಬಗ್ಗೆ ಬರೆದಿದ್ದೀರಿ. ಅಂಕಿಸಂಖ್ಯೆ ತುಂಬಿದ ಪುಸ್ತಕಗಳಿಗೇ ನಿಮ್ಮ ಹೊಗಳಿಕೆಯೆಲ್ಲ. ಪಕ್ಕೆಲುಬು ಮುರಿದಿದ್ದರೂ ಪೊರಕೆ ಕೋಲಿನಿಂದ ಬಾಗಿಲು ಹಾಕಿಕೊಂಡು ಶಬ್ದದ ವೇಗ ದಾಟಿದ ಚಕ್ ಯೇಗರ್‌ನಂಥವರ ಸಾಹಸ ಓದಿದರೆ ಮೈ ಜುಮ್ಮೆನ್ನುತ್ತದೆ. ಡಿಗ್ರಿ, ಅಡಿ, ನಾಟ್ ಎಂದು ಎಣಿಸುತ್ತ ಕೂತರೆ ಅದು ಪುಸ್ತಕವೋ ಕೈಪಿಡಿಯೋ? ಏರೋನಾಟಿಕಲ್ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಒಂದು ಒಳ್ಳೆಯ ಪುಸ್ತಕ ಹೇಳಿ.”

ಸಂಪಾದಕರ ಉತ್ತರ:

ಮೈ ಜುಮ್ಮೆನ್ನಬೇಕು, ಒಪ್ಪಿದೆ. ಸಾಹಸದ ಹಸಿವಿಲ್ಲದವರು ಈ ಪುಸ್ತಕಗಳ ಹತ್ತಿರ ಸುಳಿಯುವುದೂ ಇಲ್ಲ. ಆದರೆ ಸ್ವಾಮಿ, ನೀವು ಜುಮ್ಮೆಂದದ್ದು ತಪ್ಪು ಪುಟದಲ್ಲಿ.

ಪೊರಕೆ ಕೋಲಿನ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಯೇಗರ್ ಹಾರಿಸಿದ ರಾಕೆಟ್ ವಿಮಾನ ಬೆಲ್ ಎಕ್ಸ್-1ರ ಬಾಗಿಲು ಇದ್ದದ್ದು ಬಲಕ್ಕೆ. ಕುದುರೆಯಿಂದ ಬಿದ್ದ ಯೇಗರ್‌ಗೆ ಮುರಿದ ಪಕ್ಕೆಲುಬೂ ಬಲಗಡೆಯದೇ. ಬಲಗೈಯಿಂದ ಲಿವರ್ ಒತ್ತಲಾಗದು. ಎಂಜಿನಿಯರ್ ಜಾಕ್ ರಿಡ್ಲಿ ಪೊರಕೆಯ ಹಿಡಿಯನ್ನು ಅಳತೆಗೆ ಕೊಯ್ದುಕೊಟ್ಟ, ಯೇಗರ್ ಎಡಗೈಯಿಂದ ಅದನ್ನು ಮೀಟಿ ಬಾಗಿಲು ಭದ್ರಪಡಿಸಿದ. ಬಾಗಿಲು ಮುಚ್ಚಿತು, ಅಷ್ಟೇ.

ಅದೇ ರಿಡ್ಲಿ ಅದಕ್ಕೂ ಮುಂಚೆ ಮಾಡಿದ್ದ ಇನ್ನೊಂದು ಕೆಲಸ ಎಷ್ಟು ಜನಕ್ಕೆ ಗೊತ್ತು? ಹಿಂದಿನ ಹಾರಾಟವೊಂದರಲ್ಲಿ ಮ್ಯಾಕ್ 0.94ರಲ್ಲಿ (ಶಬ್ದದ ವೇಗವೇ ಮ್ಯಾಕ್ 1) ಯೇಗರ್ ಮೂಗು ಎತ್ತಿ ಇಳಿಸುವ ಹಿಡಿಕೆಯಾದ ಸ್ಟಿಕ್ ಎಳೆದರೆ ವಿಮಾನದ ಮೂಗು ಅಲ್ಲಾಡಲಿಲ್ಲ. ಬಾಲದ ಅಡ್ಡರೆಕ್ಕೆಯ ಹಿಂದಂಚಿಗೆ ಕೀಲಿನಲ್ಲಿ ಕೂರಿಸಿದ ಪಟ್ಟಿಯೇ ಎಲಿವೇಟರ್. ಕಡಿಮೆ ವೇಗದಲ್ಲಿ ಅದನ್ನು ಮಡಿಸಿದರೆ ಇಡೀ ಬಾಲದ ಮೇಲಿನ ಒತ್ತಡ ಬದಲಾಗುತ್ತದೆ. ಶಬ್ದದ ವೇಗದ ಹತ್ತಿರ, ಗಾಳಿ ಒತ್ತರಿಸಿಕೊಂಡು ಹುಟ್ಟುವ ಆಘಾತ ತರಂಗ ಸರಿಯಾಗಿ ಆ ಕೀಲಿನ ಗೆರೆಯ ಮೇಲೆ ಬಂದು ಕೂರುತ್ತದೆ. ಹಿಂದಿನ ಪಟ್ಟಿ ಏನು ಮಾಡಿದರೂ ಮುಂದಿನ ಭಾಗಕ್ಕೆ ಸುದ್ದಿ ಮುಟ್ಟುವುದಿಲ್ಲ. ಪಟ್ಟಿಯ ತಂಟೆಗೇ ಹೋಗದೆ ಅಡ್ಡರೆಕ್ಕೆಯನ್ನೇ ಇಡಿಯಾಗಿ ತಿರುಗಿಸು, ಕಾಲು ಡಿಗ್ರಿ, ಮೂರನೇ ಒಂದು ಡಿಗ್ರಿ ಸಾಕು, ಎಂದ ರಿಡ್ಲಿ. ಅದನ್ನು ಮೊದಲು ಕಡಿಮೆ ವೇಗದಲ್ಲಿ ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, 1947ರ ಅಕ್ಟೋಬರ್ 14ರಂದು ಮ್ಯಾಕ್ 1.06 ಮುಟ್ಟಿದರು. ಪೊರಕೆ ಇಲ್ಲದಿದ್ದರೆ ಯೇಗರ್ ಕೆಲವು ವಾರ ಕಾಯುತ್ತಿದ್ದ. ಆ ಕಾಲು ಡಿಗ್ರಿ ಇಲ್ಲದಿದ್ದರೆ ಮೂಗು ಮೇಲೆದ್ದರೂ ಕೆಳಗೆ ಬಿದ್ದರೂ ತಡೆಯುವ ದಾರಿಯಿರಲಿಲ್ಲ. ಈಗ ಹೇಳಿ, ಮೈ ಜುಮ್ಮೆನ್ನಬೇಕಾದದ್ದು ಯಾವುದಕ್ಕೆ?

ಅಂದು ಅವನ ವೇಗ ಗಂಟೆಗೆ ಸುಮಾರು 1,127 ಕಿ.ಮೀ. ಆದರೆ ಸಮುದ್ರ ಮಟ್ಟದಲ್ಲಿ ಶಬ್ದದ ವೇಗ 1,225. ಹಾಗಾದರೆ ದಾಟಿದ್ದು ಸುಳ್ಳೇ? ಅಲ್ಲ. ಅವನಿದ್ದದ್ದು ಸುಮಾರು 43,000 ಅಡಿಯಲ್ಲಿ. ಅಲ್ಲಿಯ ಮೈನಸ್ ಐವತ್ತಾರು ಡಿಗ್ರಿ ಚಳಿಯಲ್ಲಿ ಶಬ್ದವೇ 1,062ಕ್ಕೆ ಇಳಿದಿರುತ್ತದೆ. ಎತ್ತರ ಹೇಳದೆ ವೇಗ ಹೇಳುವ ಪುಸ್ತಕವನ್ನು ಅಲ್ಲೇ ಮಡಚಿಡಿ. ಗಾಳಿ ತೆಳುವಾಗಿರುವ 40,000 ಅಡಿಯಲ್ಲಿ ಮೀಟರಿನ ಮುಳ್ಳು 250 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ತೋರಿಸುವಾಗ ವಿಮಾನದ ನಿಜವಾದ ವೇಗ ಅದರ ಎರಡು ಪಟ್ಟಿನ ಹತ್ತಿರ ಇರುತ್ತದೆ. ಲೇಖಕ ಯಾವುದನ್ನು ಹೇಳುತ್ತಿದ್ದಾನೆ ಎಂಬುದು ಗೊತ್ತಾಗದಿದ್ದರೆ ಅವನಿಗೂ ಗೊತ್ತಿಲ್ಲ ಎಂದೇ ಅರ್ಥ.

ನಮ್ಮ ಪತ್ರಿಕೆಗಳ ಕಥೆಯಂತೂ ಕೇಳಬೇಡಿ. ‘ಸ್ಟಾಲ್’ ಎಂಬ ಮಾತು ಬಂದ ಕೂಡಲೇ ‘ಎಂಜಿನ್ ಸ್ಥಗಿತಗೊಂಡಿತು’ ಎಂದು ಅನುವಾದ. ಎಂಜಿನ್ ಗಟ್ಟಿಮುಟ್ಟಾಗಿ ಗರ್ಜಿಸುತ್ತಲೇ ಇರುತ್ತದೆ ಮಾರಾಯ್ರೇ! ಎದುರು ಗಾಳಿಗೆ ರೆಕ್ಕೆ ಒಡ್ಡಿದ ಕೋನ ಮಿತಿ ಮೀರಿ (ಸಾಧಾರಣ ರೆಕ್ಕೆಗೆ ಹದಿನೈದು ಡಿಗ್ರಿ ಆಸುಪಾಸು) ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಕಿತ್ತುಕೊಂಡು ಹೋಗುವುದೇ ಸ್ಟಾಲ್. ಅದನ್ನು ಅಳೆಯುವಾಗ ಟೆಸ್ಟ್ ಪೈಲಟ್ ವೇಗವನ್ನು ಸೆಕೆಂಡಿಗೆ ಒಂದು ನಾಟ್‌ನಂತೆ ಇಳಿಸುತ್ತಾನೆ. ನಡುಕ ಶುರುವಾದದ್ದು ಎಷ್ಟರಲ್ಲಿ, ಮೊದಲು ಕುಸಿದದ್ದು ಯಾವ ರೆಕ್ಕೆ, ಸರಿಮಾಡಿಕೊಳ್ಳುವಷ್ಟರಲ್ಲಿ ಕಳೆದುಕೊಂಡ ಎತ್ತರ ಎಷ್ಟು, ಎಲ್ಲವೂ ಮಂಡಿಯ ಮೇಲಿನ ಕಾರ್ಡಿಗೆ ಹೋಗಬೇಕು. ಅವಸರಪಟ್ಟು ಬೇಗ ಇಳಿಸಿದರೆ ಸ್ಟಾಲ್ ವೇಗ ಇರುವುದಕ್ಕಿಂತ ಕಡಿಮೆ ದಾಖಲಾಗುತ್ತದೆ. ಆ ಸಂಖ್ಯೆ ನಂಬಿ ಇಳಿಯಲು ಬರುವ ಸ್ಕ್ವಾಡ್ರನ್ನಿನ ಹುಡುಗ ರನ್‌ವೇಗೆ ಮುಂಚೆಯೇ ನೆಲಕ್ಕೆ ಬಿದ್ದಾನು. ನೀವು ಮೂಗು ಮುರಿದ ಕೈಪಿಡಿ ಹುಟ್ಟುವುದು ಹೀಗೆ.

ಇನ್ನು ನಮ್ಮ ಮನೆಯ ಮಾತು. ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಟ್ರಾಫಿಕ್ಕಿಗೆ ಶಾಪ ಹಾಕುತ್ತ ನಿಲ್ಲುತ್ತಾರೆ. ಆ ದಾಸ್ ಯಾರು? ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು. ಎಂಜಿನ್ ಹಾಕುವ ಮುಂಚೆ ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದಿಂದ ಎಳೆಸಿಕೊಂಡು ಹೋಗಿ ಅದರ ಗುಣ ನೋಡಿದ್ದರು. ವಿನ್ಯಾಸಕ್ಕೆ ಆಧಾರವಾಗಿದ್ದ ಎಂಜಿನ್ 8,000 ಪೌಂಡಿಗೂ ಹೆಚ್ಚು ನೂಕುಬಲದ್ದು. ಆ ಎಂಜಿನ್ನಿನ ಅಭಿವೃದ್ಧಿ ಬ್ರಿಟನ್ನಿನಲ್ಲಿ ನಿಂತುಹೋಗಿ, ಸಿಕ್ಕಿದ್ದು 4,850 ಪೌಂಡಿನ ಆರ್ಫಿಯಸ್ 703. ಎತ್ತಿನ ಗಾಡಿಗೆ ಕರು ಕಟ್ಟಿದ ಹಾಗೆ. ಬಲ ಹೆಚ್ಚಿಸಲು ರೀಹೀಟ್ (ಎಂಜಿನ್ನಿನ ಹಿಂದಿನ ಕೊಳವೆಯಲ್ಲಿ ಮತ್ತೆ ಇಂಧನ ಸುಡುವ ವ್ಯವಸ್ಥೆ) ಕೂರಿಸಿದರೆ ಅದಕ್ಕಾಗಿ ಹಿಗ್ಗಿಸಿದ ಹಿಂಭಾಗ ಗಾಳಿಯ ಎಳೆತ ಹೆಚ್ಚಿಸಿ ಲಾಭವನ್ನೇ ನುಂಗಿತು. ರೀಹೀಟ್ ಹಾಕಿದ ಅಂಥ ಮಾರುತ್ ಒಂದರಲ್ಲೇ 1970ರ ಜನವರಿ 10ರಂದು ದಾಸ್ ತೀರಿಕೊಂಡರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಮಾರುತ್ ನಿಂತಿದೆ, ಮಕ್ಕಳು ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಈ ನೂಕು-ಎಳೆತದ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಪುಸ್ತಕ ಮಾತ್ರ ನಮ್ಮ ಮೇಜಿಗೆ ಬಂದಿಲ್ಲ. ‘ವೀರಯೋಧ’, ‘ಬಾನಾಡಿ’ ಎಂಬ ವಿಶೇಷಣಗಳ ಲೇಖನಗಳು ಬರುತ್ತವೆ, ಹೂವಿನ ಹಾರದ ಹಾಗೆ ಮರುದಿನವೇ ಬಾಡುತ್ತವೆ.

ಅಕ್ಕನ ಮಗನಿಗೆ ಎರಿಕ್ ಬ್ರೌನ್‌ನ ‘ವಿಂಗ್ಸ್ ಆನ್ ಮೈ ಸ್ಲೀವ್’ ಕೊಡಿಸಿ. 487 ಬಗೆಯ ವಿಮಾನ ಹಾರಿಸಿದ ಬ್ರಿಟಿಷ್ ನೌಕಾಪಡೆಯ ಪೈಲಟ್. ಡಿಎಚ್ 108 ಬರುವಲ್ಲಿಂದಲೇ ಶುರು ಮಾಡಲಿ. ಅಡ್ಡಬಾಲವಿಲ್ಲದ ಆ ವಿಮಾನ 1946ರಲ್ಲಿ ಜೆಫ್ರಿ ಡಿ ಹ್ಯಾವಿಲ್ಯಾಂಡ್ ಹಾರಿಸುತ್ತಿದ್ದಾಗ ಆಕಾಶದಲ್ಲೇ ಮುರಿದಿತ್ತು. ಮುಂದೆ ಬ್ರೌನ್ ಅದೇ ಮಾದರಿಯನ್ನು ಕೆಳಮಟ್ಟದಲ್ಲಿ ಮ್ಯಾಕ್ 0.88ಕ್ಕೆ ಒಯ್ದಾಗ ಮೂಗು ಮೇಲೆ ಕೆಳಗೆ ಕುಣಿಯತೊಡಗಿ ಅವನ ಗದ್ದ ಎದೆಗೆ ಬಡಿಯತೊಡಗಿತು. ಆಳು ಗಿಡ್ಡ, ಸೀಟನ್ನೂ ಮೊದಲೇ ತಗ್ಗಿಸಿಕೊಂಡಿದ್ದ, ಆದ್ದರಿಂದ ತಲೆ ಮೇಲಿನ ಗಾಜಿಗೆ ಅಪ್ಪಳಿಸಲಿಲ್ಲ. ಸ್ಟಿಕ್ಕನ್ನೂ ಎಂಜಿನ್ ಬಲ ಏರಿಳಿಸುವ ಥ್ರಾಟಲ್ಲನ್ನೂ ಒಟ್ಟಿಗೆ, ಮೆಲ್ಲಗೆ, ಹಿಂದಕ್ಕೆಳೆದ. ಎರಡನ್ನೂ ಒಟ್ಟಿಗೆ ಏಕೆ, ಮೆಲ್ಲಗೆ ಏಕೆ ಎಂದು ಹುಡುಗನನ್ನು ಕೇಳಿ ನೋಡಿ. ಉತ್ತರ ಬಂದರೆ ಒಂದು ಕಾರ್ಡು ಹಾಕಿ, ಅಚ್ಚು ಹಾಕುತ್ತೇವೆ.